ಬೇಸಿಗೆಯಲ್ಲಿ ಇಳಿದ ಬಿಪಿ

ವಿಜಯಪುರದ ನಮ್ಮ ಕಾಕಾ ಒಂದು ಏಪ್ರಿಲ್‌ನಲ್ಲಿ ಬಿಪಿ ಗುಳಿಗೆಯನ್ನು ತಾವೇ ನಿಲ್ಲಿಸಿದರು. ಗೋಳಗುಮ್ಮಟದವರೆಗೆ ಬೆಳಗಿನ ನಡಿಗೆ ಶುರುವಾಗಿ ಎರಡು ತಿಂಗಳಾಗಿತ್ತು. ಗುಳಿಗೆ ಬಿಟ್ಟ ಎರಡನೆಯ ದಿನವೂ ಮನೆಯ ಯಂತ್ರದಲ್ಲಿ 128/80 ಬಂತು. ‘ನೋಡು, ನಡಿಗೆಯೇ ಸಾಕು’ ಎಂದು ಬೀಗಿದರು. ಡಿಸೆಂಬರ್‌ನಲ್ಲಿ ಅದೇ ಯಂತ್ರ 166/98 ತೋರಿಸಿತು.

ನಡಿಗೆಯಿಂದ ಬಿಪಿ ಇಳಿಯುವುದು ನಿಜ. ಆದರೆ ಆ 128ರಲ್ಲಿ ಇನ್ನಿಬ್ಬರ ಪಾಲಿತ್ತು. ಕಾಕಾ ನುಂಗುತ್ತಿದ್ದುದು ಅಮ್ಲೋಡಿಪಿನ್. ರಕ್ತದಲ್ಲಿ ಅದು ಅರ್ಧಕ್ಕೆ ಇಳಿಯಲು 30ರಿಂದ 50 ಗಂಟೆ ಬೇಕು. ಹೀಗಾಗಿ ಬಿಟ್ಟ ಗುಳಿಗೆ ಕೆಲವು ದಿನ ಒಳಗೊಳಗೇ ದುಡಿಯುತ್ತಿರುತ್ತದೆ. ಎರಡನೆಯ ಪಾಲುದಾರ ನಮ್ಮೂರಿನ ಬಿಸಿಲು. ನಲವತ್ತು ಡಿಗ್ರಿಯಲ್ಲಿ ದೇಹ ಶಾಖವನ್ನು ಹೊರಹಾಕಲು ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಬೆವರಿನಲ್ಲಿ ನೀರೂ ಉಪ್ಪೂ ಹೋಗುತ್ತವೆ, ಒತ್ತಡ ಇಳಿಯುತ್ತದೆ. ಚಳಿಗೆ ನಾಳಗಳು ಮುದುಡಿ ಅದು ಮತ್ತೆ ಏರುತ್ತದೆ.

ಹಾಗೆಂದು ಊಟ, ನಡಿಗೆಯನ್ನು ಹಗುರವಾಗಿ ಕಾಣುವಂತಿಲ್ಲ. 1997ರಲ್ಲಿ ಪ್ರಕಟವಾದ ಅಮೆರಿಕದ ‘ಡ್ಯಾಶ್’ ಪ್ರಯೋಗದಲ್ಲಿ ತರಕಾರಿ, ಹಣ್ಣು, ಕೊಬ್ಬು ಕಡಿಮೆಯಿರುವ ಹಾಲು ಹೆಚ್ಚಿದ್ದ ಊಟದಿಂದ ಬಿಪಿ ಇದ್ದವರ ಮೇಲಿನ ಅಂಕಿ ಸುಮಾರು 11ರಷ್ಟು ಇಳಿಯಿತು. ಒಂದು ಗುಳಿಗೆಯಿಂದ ಸಾಮಾನ್ಯವಾಗಿ ಇಳಿಯುವುದೂ ಹೆಚ್ಚುಕಡಿಮೆ ಅಷ್ಟೇ. 142 ಇರುವವರಿಗೆ, ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇಲ್ಲದಿದ್ದರೆ, ಕೆಲವು ತಿಂಗಳು ಬರಿಯ ಪಥ್ಯವನ್ನೇ ಮಾಡಿನೋಡಿ ಎಂದು ವೈದ್ಯರು ಹೇಳಬಹುದು. ಕಾಕಾ ಶುರುಮಾಡಿದ್ದು 170ರಿಂದ. ಅಲ್ಲಿಂದ 140ರ ಕೆಳಗೆ ಬರಲು ಪಥ್ಯ, ಗುಳಿಗೆ ಎರಡೂ ಬೇಕು.

ಇನ್ನು ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ. ನಮ್ಮ ಮನೆಯಲ್ಲಿ ಜೋಳದ ರೊಟ್ಟಿಯ ಹಿಟ್ಟಿಗೆ ಉಪ್ಪು ಹಾಕುವುದೇ ಇಲ್ಲ. ಆ ಮಟ್ಟಿಗೆ ನಮ್ಮ ಹಿರಿಯರು ಜಾಣರು. ಉಪ್ಪೆಲ್ಲ ಕೂತಿರುವುದು ತಟ್ಟೆಯ ಅಂಚಿನಲ್ಲಿ: ರಂಜಕ (ಕೆಂಪು ಮೆಣಸಿನಕಾಯಿ ಚಟ್ನಿ), ಉಪ್ಪಿನಕಾಯಿ, ಹಪ್ಪಳ, ಶೇಂಗಾ ಚಟ್ನಿ. ಕಾಕಾ ಪಲ್ಯವನ್ನು ಸಪ್ಪೆ ಮಾಡಿಸಿಕೊಂಡು ರಂಜಕವನ್ನು ಎರಡು ಬಾರಿ ಬಡಿಸಿಕೊಳ್ಳುವವರು. ಪೊಟ್ಯಾಸಿಯಂ ಬೆರೆತ ಉಪ್ಪನ್ನು ತರಿಸೋಣವೆಂದರೆ, ಮೂತ್ರಪಿಂಡದ ತೊಂದರೆ ಇರುವವರಿಗೂ ಟೆಲ್ಮಿಸಾರ್ಟನ್‌ನಂಥ ಬಿಪಿ ಗುಳಿಗೆ ನುಂಗುವವರಿಗೂ ಅದು ಅಪಾಯವಾದೀತು. ಮೊದಲು ವೈದ್ಯರನ್ನು ಕೇಳಬೇಕು.

ಈಗ ಕಾಕಾ ವರ್ಷಪೂರ್ತಿ ಬಿಪಿಯನ್ನು ಗೋಡೆಯ ಕ್ಯಾಲೆಂಡರ್‌ನಲ್ಲಿ ಬರೆದಿಡುತ್ತಾರೆ. ಅದನ್ನು ನೋಡಿ ಈ ಬೇಸಿಗೆಯಲ್ಲಿ ವೈದ್ಯರೇ ಗುಳಿಗೆಯ ಪ್ರಮಾಣವನ್ನು ಅರ್ಧಕ್ಕೆ ಇಳಿಸಿದರು. ನಡಿಗೆ ಮುಂದುವರಿದಿದೆ. ರಂಜಕದ ಭರಣಿ ಮಾತ್ರ ಇನ್ನೂ ಅವರ ಕೈಗೆಟಕುವಲ್ಲೇ ಇದೆ.