ಲೈಂಗಿಕ ಶಿಕ್ಷಣ: ಪಾಲಕರನ್ನು ಏನು ಕೇಳಬೇಕು, ಯಾವಾಗ ಕೇಳಬೇಕು?

ಹುಡುಗಿಯರಲ್ಲಿ ಹರೆಯದ ಮೊದಲ ಬದಲಾವಣೆ ಸಾಮಾನ್ಯವಾಗಿ 8ರಿಂದ 13 ವರ್ಷದೊಳಗೆ ಶುರುವಾಗುತ್ತದೆ, ಹುಡುಗರಲ್ಲಿ 9ರಿಂದ 14ರೊಳಗೆ. ಮಿದುಳಿನ ಹೈಪೊಥಲಾಮಸ್ ಒಂದು ಹಾರ್ಮೋನನ್ನು ಬಿಟ್ಟು ಬಿಟ್ಟು ಸ್ರವಿಸತೊಡಗುತ್ತದೆ. ಅದರಿಂದ ಪಿಟ್ಯುಟರಿ ಗ್ರಂಥಿ ಚುರುಕಾಗಿ ಅಂಡಾಶಯವನ್ನೋ ವೃಷಣವನ್ನೋ ಕೆಲಸಕ್ಕೆ ಹಚ್ಚುತ್ತದೆ. ಹುಡುಗಿಯ ಎದೆ ಬೆಳೆಯಲು ಆರಂಭಿಸಿದ ಸುಮಾರು ಎರಡು, ಎರಡೂವರೆ ವರ್ಷಕ್ಕೆ ಮೊದಲ ಮುಟ್ಟು ಬರುತ್ತದೆ. ಆದರೆ ನಮ್ಮ ವಿಜ್ಞಾನ ಪುಸ್ತಕದಲ್ಲಿ ಹದಿಹರೆಯದ ಪಾಠ ಬಹುಕಾಲದಿಂದ ಇರುವುದು 8ನೇ ತರಗತಿಯಲ್ಲಿ, ಅಂದರೆ 13ರ ಆಸುಪಾಸಿನಲ್ಲಿ. ಅಷ್ಟರಲ್ಲಿ ಎಷ್ಟೋ ಹುಡುಗಿಯರಿಗೆ ಮುಟ್ಟು ಶುರುವಾಗಿರುತ್ತದೆ. ಮುಟ್ಟಿನ ಮಾತು 5 ಅಥವಾ 6ನೇ ತರಗತಿಯಲ್ಲೇ ಆಗಬೇಕು. ಪಾಲಕರ ಮುಂದೆ ಮೊದಲು ಇಡಬೇಕಾದದ್ದು ಈ ವಯಸ್ಸಿನ ಲೆಕ್ಕವನ್ನೇ.

ಸಾಮಾನ್ಯವಾಗಿ ನಡೆಯುವುದು ಬೇರೆ. ‘ಲೈಂಗಿಕ ಶಿಕ್ಷಣ ಬೇಕೋ ಬೇಡವೋ?’ ಎಂದು ಪಾಲಕರನ್ನು ಕೇಳಿಬಿಡುತ್ತಾರೆ. ಪಾಠದ ಹಾಳೆ ನೋಡದ ತಾಯಿ ಏನನ್ನಬೇಕು? ‘ಇದೆಲ್ಲಾ ಯಾಕ ಬೇಕ್ರೀ ಹುಡುಗರಿಗಿ?’ ಎನ್ನುತ್ತಾಳೆ. 2005ರಲ್ಲಿ ಆರಂಭವಾದ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು 2007ರಲ್ಲಿ ಕರ್ನಾಟಕವೂ ಸೇರಿ ಹಲವು ರಾಜ್ಯಗಳು ನಿಲ್ಲಿಸಿದವು. ದೊಡ್ಡ ತಕರಾರು ಎದ್ದದ್ದು ಕೈಪಿಡಿಯ ಚಿತ್ರಗಳ ಬಗ್ಗೆ. ಚಿತ್ರದ ತಕರಾರಿಗೆ ಚಿತ್ರ ಬದಲಿಸಬಹುದಿತ್ತು, ಇಡೀ ಪಾಠ ನಿಲ್ಲಿಸಬೇಕಿರಲಿಲ್ಲ.

ಕಾನೂನಿನಲ್ಲಿ ಯಾರ ಕೈಯಲ್ಲಿ ಏನಿದೆ ಎಂಬುದು ಸ್ಪಷ್ಟವಾಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಂ ಪ್ರಕಾರ 1ರಿಂದ 8ನೇ ತರಗತಿವರೆಗಿನ ಪಠ್ಯಕ್ರಮ ರೂಪಿಸುವುದು ಸರ್ಕಾರ ಗೊತ್ತುಮಾಡಿದ ಶೈಕ್ಷಣಿಕ ಪ್ರಾಧಿಕಾರ. 21ನೇ ಕಲಂ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆ-ತಾಯಿ ಅಥವಾ ಪೋಷಕರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರಿರಬೇಕು. ಅನುದಾನವಿಲ್ಲದ ಖಾಸಗಿ ಶಾಲೆಗೆ ಈ ಕಲಂ ಅನ್ವಯಿಸದು. ಪಠ್ಯಕ್ರಮ ಪ್ರಾಧಿಕಾರದ ಕೈಯಲ್ಲಿರುವುದರಿಂದ ಈ ಶಾಲಾ ಸಮಿತಿ, ಅಂದರೆ ಎಸ್‌ಡಿಎಂಸಿ, ಒಂದು ಅಧ್ಯಾಯವನ್ನು ಕಿತ್ತುಹಾಕಲಾರದು. ಆದರೆ ಯಾರು ಪಾಠ ಮಾಡಬೇಕು, ಹುಡುಗ-ಹುಡುಗಿಯರನ್ನು ಯಾವ ಭಾಗಕ್ಕೆ ಬೇರೆ ಕೂರಿಸಬೇಕು, ಯಾವ ಉದಾಹರಣೆ ಕೊಡಬೇಕು, ಮನೆಗೆ ಯಾವ ಹಾಳೆ ಕಳಿಸಬೇಕು ಎಂಬುದರಲ್ಲೆಲ್ಲ ಅದರ ಮಾತು ನಡೆಯಬೇಕು. 2020ರಲ್ಲಿ ಬಂದ ಆಯುಷ್ಮಾನ್ ಭಾರತ್ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ 11 ವಿಷಯಗಳಿವೆ, ಪ್ರತಿ ಶಾಲೆಯಿಂದ ತರಬೇತಾದ ಇಬ್ಬರು ಶಿಕ್ಷಕರು, ವಾರಕ್ಕೊಂದು ತಾಸು. ಪಾಲಕರ ಸಲಹೆ ಸುಲಭವಾಗಿ ಸೇರುವುದು ಈ ತಾಸಿನಲ್ಲೇ.

ಈ ಸಲಹೆ ಕೇಳಲು ಪಾಲಕರ ಸಭೆ ಕರೆಯಬೇಕು. ಕಲಬುರಗಿ, ಬೀದರ್, ಯಾದಗಿರಿ ಕಡೆ ಸಭೆಯ ದಿನವನ್ನು ಹೊಲದ ಕೆಲಸ ನೋಡಿ ಗೊತ್ತುಮಾಡಬೇಕು. ಹತ್ತಿ ಬಿಡಿಸುವಾಗ, ತೊಗರಿ ರಾಶಿ ನಡೆದಾಗ ಯಾರೂ ಬರಲಾರರು. ರಾಶಿ ಮುಗಿದ ಮೇಲೆ ಎಷ್ಟೋ ಮನೆಯವರು ಪುಣೆ, ಮುಂಬೈ, ಬೆಂಗಳೂರಿಗೆ ಗುಳೆ ಹೋಗಿರುತ್ತಾರೆ. ಆಗಸ್ಟ್‌ನ ಒಂದು ಸಂಜೆ ವಾಸಿ. ಗುಳೆ ಹೋದವರ ಮಕ್ಕಳನ್ನು ನೋಡಿಕೊಳ್ಳುವ ಅಜ್ಜ-ಅಜ್ಜಿಯರನ್ನು ಬಿಡದೆ ಕರೆಯಬೇಕು, ಕಾಯ್ದೆ ಹೇಳುವ ಪೋಷಕರಲ್ಲಿ ಅವರೂ ಇದ್ದಾರೆ. ತೊಂಬತ್ತು ನಿಮಿಷ ಸಾಕು. ಮೊದಲ ಅರ್ಧ ತಾಸು ಹೆಂಗಸರು ಒಂದು ಕೋಣೆಯಲ್ಲಿ, ಗಂಡಸರು ಇನ್ನೊಂದರಲ್ಲಿ. ಆಮೇಲೆ ಎಲ್ಲರೂ ಒಟ್ಟಿಗೆ. ಮೊದಲೇ ಒಟ್ಟಿಗೆ ಕೂರಿಸಿದರೆ ಹೆಂಗಸರು ಬಾಯಿ ಬಿಡುವುದಿಲ್ಲ. ಸಮಿತಿಯ ಸದಸ್ಯೆಯ ಬದಲು ಆಕೆಯ ಗಂಡ ಬಂದು ಕೂರುವುದನ್ನಂತೂ ಒಪ್ಪಲೇಬಾರದು. ಆಶಾ ಕಾರ್ಯಕರ್ತೆ ಇದ್ದರೆ ಮುಟ್ಟಿನ, ರಕ್ತಹೀನತೆಯ ಪ್ರಶ್ನೆಗಳು ತಾವಾಗಿಯೇ ಬರುತ್ತವೆ.

ಪಾಠದ ಪುಟಗಳನ್ನು ತರಗತಿವಾರು ಗೋಡೆಗೆ ಅಂಟಿಸಿ, ಗಟ್ಟಿಯಾಗಿ ಓದಿ ಹೇಳಬೇಕು. ಓದು ಬಾರದವರಿದ್ದಾರೆ, ತಾಂಡಾದಲ್ಲಿ ಲಂಬಾಣಿ, ಪೇಟೆಯ ಓಣಿಗಳಲ್ಲಿ ದಖನಿ, ಔರಾದ್ ಕಡೆ ಮರಾಠಿ, ಗುರುಮಠಕಲ್ ಕಡೆ ತೆಲುಗು ಆಡುವವರಿದ್ದಾರೆ. ಆ ಮಾತು ಬಲ್ಲ ಒಬ್ಬರು ಜೊತೆಗಿರಲಿ. ಪ್ರತಿ ಪುಟಕ್ಕೆ ಮೂರೇ ಪ್ರಶ್ನೆ: ಇದು ಈ ವಯಸ್ಸಿಗೆ ಹೊಂದುತ್ತದೆಯೇ? ಯಾವ ಪದ ಅಥವಾ ಚಿತ್ರ ಬದಲಾಗಬೇಕು? ಏನು ಬಿಟ್ಟುಹೋಗಿದೆ? ಹೆಸರಿಲ್ಲದ ಚೀಟಿಗೂ ಒಂದು ಡಬ್ಬಿ ಇಡಿ.

‘ಹೇಳಿಕೊಟ್ಟರೆ ಹುಡುಗರು ಕೆಡುತ್ತಾರೆ’ ಎಂಬ ಅಂಜಿಕೆಯನ್ನು ಗದರಿ ಬಾಯಿ ಮುಚ್ಚಿಸಬಾರದು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಯುನೆಸ್ಕೋದ 2018ರ ಮಾರ್ಗದರ್ಶಿ, ಇಂಥ ಶಿಕ್ಷಣದಿಂದ ಲೈಂಗಿಕ ಚಟುವಟಿಕೆ ಬೇಗ ಶುರುವಾಗುವುದಿಲ್ಲ ಎನ್ನುತ್ತದೆ. ಇದನ್ನು ತಾಳ್ಮೆಯಿಂದ ಹೇಳಿ, ಪಾಠದ ಪುಟ ತೋರಿಸಿದರೆ ಹೆಚ್ಚಿನವರ ಅಂಜಿಕೆ ಕರಗುತ್ತದೆ.

ತಮ್ಮ ಮಗುವಿಗೆ ಈ ಪಾಠ ಬೇಡ ಎನ್ನುವವರೂ ಇರುತ್ತಾರೆ. ಇಂಗ್ಲೆಂಡಿನಲ್ಲಿ ಪಾಲಕರು ಮಗುವನ್ನು ಲೈಂಗಿಕ ಶಿಕ್ಷಣದ ಭಾಗದಿಂದ ಹೊರಗಿಡಲು ಕೇಳಿಕೊಳ್ಳಬಹುದು, ಆದರೆ ಸಂಬಂಧಗಳ ಪಾಠದಿಂದಲೂ ವಿಜ್ಞಾನದಿಂದಲೂ ಬಿಡಿಸುವಂತಿಲ್ಲ. ಈ ಗೆರೆ ನಮಗೂ ಸರಿಯಾದದ್ದು. ದೇಹದ ಭಾಗಗಳ ಹೆಸರು, ಯಾರಾದರೂ ಕೆಟ್ಟದಾಗಿ ಮುಟ್ಟಿದರೆ ಯಾರಿಗೆ ಹೇಳಬೇಕು, ಮಕ್ಕಳ ಸಹಾಯವಾಣಿ 1098ಕ್ಕೆ ಹೇಗೆ ಕರೆ ಮಾಡಬೇಕು ಎಂಬ ಪಾಠದಿಂದ ಯಾವ ಮಗುವೂ ತಪ್ಪಬಾರದು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೋ ಕಾಯ್ದೆಯ ಪ್ರಕರಣಗಳಲ್ಲಿ ಬಹುಪಾಲು ಆರೋಪಿಗಳು ಮಗುವಿಗೆ ಗುರುತಿನವರೇ. ಮನೆಯವರ ಒಪ್ಪಿಗೆ ಸಿಕ್ಕರೆ ಮಾತ್ರ ಈ ಪಾಠ ಎಂದರೆ, ಅತ್ಯಂತ ಅಗತ್ಯವಿರುವ ಮಗುವೇ ಹೊರಗುಳಿಯಬಹುದು.

ಹುಡುಗರ ಪಾಠವನ್ನು ಸಭೆಗಳು ಮರೆತೇಬಿಡುತ್ತವೆ. ಧ್ವನಿ ಒಡೆಯುವುದು, ನಿದ್ದೆಯಲ್ಲಿ ವೀರ್ಯ ಹೋಗುವುದು ಸಹಜವೆಂದು ಹೇಳುವವರಿಲ್ಲದೆ ಅವರು ಮೊಬೈಲಿನಲ್ಲಿ, ನಕಲಿ ವೈದ್ಯರ ಜಾಹೀರಾತಿನಲ್ಲಿ ಉತ್ತರ ಹುಡುಕುತ್ತಾರೆ. ಗಂಡಸರ ಕೋಣೆಯಲ್ಲಿ ಈ ವಿಷಯವನ್ನು ಶಿಕ್ಷಕರೇ ಮೊದಲು ಎತ್ತಬೇಕು.

ಬಂದ ಸಲಹೆಗಳೆಲ್ಲ ಎಸ್‌ಡಿಎಂಸಿ ನಡಾವಳಿ ಪುಸ್ತಕಕ್ಕೆ ಏರಬೇಕು. ಶಾಲೆಯಲ್ಲೇ ಆಗುವ ಬದಲಾವಣೆ ಆ ತಿಂಗಳೇ ಆಗಲಿ. ಪುಸ್ತಕಕ್ಕೇ ಸಂಬಂಧಿಸಿದ ಮಾತನ್ನು ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ), ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೂಲಕ ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೆಯಾದ ಡಯಟ್‌ಗೆ ಬರೆದು ಕಳಿಸಬೇಕು. ಮುಂದಿನ ಸಭೆಯ ಮೊದಲ ಹತ್ತು ನಿಮಿಷ ಅದೇ ಪುಸ್ತಕ ತೆರೆದು, ಯಾವ ಸಲಹೆ ಒಪ್ಪಿದೆವು, ಯಾವುದನ್ನು ಯಾಕೆ ಬಿಟ್ಟೆವು ಎಂದು ಓದಿ ಹೇಳಬೇಕು.