ಕ್ಲೀಟೋ ಸ್ಟೇಪಲೋ? ಮೊದಲು ಹಲಗೆಯ ನಾಲಗೆ ನೋಡಿ

ಅಮೆರಿಕ, ಕೆನಡಾದ ಮರದ ಚೌಕಟ್ಟಿನ ಮನೆಗಳಲ್ಲಿ ಓಕ್ ನೆಲವನ್ನು ತಾವೇ ಹಾಕಿಕೊಳ್ಳಲು ಹೊರಟವರು ಮೊದಲು ಕೇಳುವುದು ‘ಯಾವ ಕಂಪನಿಯ ನೇಲರ್ (ಮೊಳೆ ಹೊಡೆಯುವ ಗನ್) ಒಳ್ಳೆಯದು’ ಅಂತ. ಅದು ಕೊನೆಗೆ ಕೇಳುವ ಪ್ರಶ್ನೆ. ಹಲಗೆ ಎಷ್ಟು ದಪ್ಪ, ಯಾವ ಮರ, ಕೆಳಗೆ ಏನಿದೆ ಎನ್ನುವುದು ಗೊತ್ತಾದರೆ ಮೊಳೆ ಯಾವುದೆಂದು ಗೊತ್ತಾಗುತ್ತದೆ. ಮೊಳೆ ಗೊತ್ತಾದರೆ ಗನ್ ಆರಿಸಲು ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ.

ಹಲಗೆಯ ಒಂದು ಅಂಚಿನಲ್ಲಿ ನಾಲಗೆ, ಇನ್ನೊಂದು ಅಂಚಿನಲ್ಲಿ ಅದು ಕೂರುವ ತೋಡು. ನಾಲಗೆಯ ಬುಡಕ್ಕೆ ಸುಮಾರು 45 ಡಿಗ್ರಿ ಓರೆಯಲ್ಲಿ ಮೊಳೆ ಹೊಡೆಯುತ್ತೇವೆ, ಮುಂದಿನ ಹಲಗೆ ಬಂದು ಅದರ ತಲೆಯನ್ನು ಮುಚ್ಚುತ್ತದೆ. ಇಡೀ ನೆಲವನ್ನು ಹಿಡಿದಿರುವುದು ಈ ಸಣ್ಣ ನಾಲಗೆಯೇ. ಅದು ಸೀಳಿದರೆ ಅವತ್ತು ಗೊತ್ತಾಗುವುದಿಲ್ಲ. ಒಂದೆರಡು ಚಳಿಗಾಲ ಕಳೆದು ಮರ ಹಿಗ್ಗಿ ಕುಗ್ಗಿದ ಮೇಲೆ ಕಾಲಿಟ್ಟಲ್ಲೆಲ್ಲ ಕಿರ್ ಎನ್ನುತ್ತದೆ.

ಕ್ಲೀಟ್ ಎಂದರೆ ಅಂಚುಗಳಲ್ಲಿ ಗರಗಸದ ಹಲ್ಲಿನಂಥ ಕಚ್ಚುಗಳಿರುವ ಚಪ್ಪಟೆ ಮೊಳೆ. ಮುಕ್ಕಾಲು ಇಂಚು (19 ಮಿ.ಮೀ.) ದಪ್ಪದ ಗಟ್ಟಿ ಹಲಗೆಗೆ 16 ಗೇಜಿನ 2 ಇಂಚು ಕ್ಲೀಟ್ ವಾಡಿಕೆ. ಗೇಜು ಎಂದರೆ ಮೊಳೆಯ ದಪ್ಪದ ಅಂಕಿ; ಅಂಕಿ ಹೆಚ್ಚಿದಷ್ಟು ಮೊಳೆ ತೆಳು. ಸ್ಟೇಪಲ್‌ಗೆ ಎರಡು ಕಾಲು, ಮೇಲೆ ಅರ್ಧ ಇಂಚಿನ ಸೇತುವೆ, 15.5 ಗೇಜು. ಕಾಲುಗಳಿಗೆ ಬಳಿದ ಅಂಟು ಹೊಡೆತದ ಬಿಸಿಗೆ ಕರಗಿ ಮರಕ್ಕೆ ಹಿಡಿಯುತ್ತದೆ. ಹೊಡೆದ ದಿನ ಸ್ಟೇಪಲ್‌ನ ಹಿಡಿತ ಭರ್ಜರಿ, ಬೆಲೆಯೂ ಕಡಿಮೆ. ಆದರೆ ಮರ ವರ್ಷಕ್ಕೊಮ್ಮೆ ಹಿಗ್ಗಿ ಕುಗ್ಗುವಾಗ ಕ್ಲೀಟ್ ಚೂರು ಬಾಗಿಕೊಟ್ಟು ಹಿಡಿತ ಉಳಿಸಿಕೊಳ್ಳುತ್ತದೆ. ಸ್ಟೇಪಲ್ ಅಷ್ಟು ಹೊಂದಿಕೊಳ್ಳುವುದಿಲ್ಲ. ಮೇಲಾಗಿ ಅದರ ಎರಡು ಕಾಲೂ ನಾಲಗೆಯ ಒಂದೇ ಎಳೆಯ ಮೇಲೆ ಸಾಲಾಗಿ ಇಳಿಯುತ್ತವೆ. ಮರ ಗಡುಸಾಗಿದ್ದರೆ ಆ ಎಳೆಗುಂಟವೇ ಸೀಳು ಓಡುತ್ತದೆ.

ಗಡುಸುತನ ಅಳೆಯಲು ಜಾಂಕಾ ಅಂಕಿ ನೋಡಿ, ಅದು ಹೆಚ್ಚಿದಷ್ಟು ಮರ ಗಡುಸು. ರೆಡ್ ಓಕ್ 1290, ವೈಟ್ ಓಕ್ 1360. ಇವೆರಡಕ್ಕೂ ಸ್ಟೇಪಲ್ ನಡೆಯುತ್ತದೆ, ಕ್ಲೀಟ್ ಆದರೆ ನೆಮ್ಮದಿ. ಹಿಕರಿ 1820; ಇಲ್ಲಿಂದ ಮುಂದೆ ಸ್ಟೇಪಲ್ ಬೇಡ. ಬ್ರೆಜಿಲಿಯನ್ ಚೆರ್ರಿ 2300ರ ಮೇಲೆ. ಇಂಥವಕ್ಕೂ ಅದುಮಿ ಮಾಡಿದ ಬಿದಿರಿನ ಹಲಗೆಗೂ 16 ಗೇಜೇ ದಪ್ಪವಾಯಿತು, 18 ಗೇಜಿನ ತೆಳು ಕ್ಲೀಟೇ ಬೇಕು. 3/8ರಿಂದ 1/2 ಇಂಚಿನ ಎಂಜಿನಿಯರ್ಡ್ ಹಲಗೆಗಳದು (ಪದರ ಪದರವಾಗಿ ಅಂಟಿಸಿ ಮೇಲೆ ತೆಳು ಮರ ಹೊದಿಸಿದವು) ಬೇರೆ ಲೆಕ್ಕ. ಅವಕ್ಕೆ 18 ಗೇಜಿನ ಕ್ಲೀಟ್ ಅಥವಾ ಕಾಲಿಂಚು ಅಗಲದ ಸಣ್ಣ ಸ್ಟೇಪಲ್. ದಪ್ಪ ಸ್ಟೇಪಲ್ ಹೊಡೆದರೆ ಮೇಲಿನ ತೆಳು ಪದರ ಉಬ್ಬಿ, ಕಿಟಕಿ ಬೆಳಕಿನಲ್ಲಿ ಸಾಲು ಸಾಲು ಗುಳ್ಳೆಗಳಂತೆ ಕಾಣುತ್ತದೆ. ಆ ಗುಳ್ಳೆಗೆ ಮದ್ದಿಲ್ಲ, ಹಲಗೆಯನ್ನೇ ಕೀಳಬೇಕು.

ಉದ್ದದ ಲೆಕ್ಕದಲ್ಲಿ ತಪ್ಪುವವರು ಬಹಳ. 2 ಇಂಚಿನ ಕ್ಲೀಟ್ 45 ಡಿಗ್ರಿಯಲ್ಲಿ ಹೋದರೆ ನೇರ ಕೆಳಗೆ ಇಳಿಯುವುದು ಸುಮಾರು 1.4 ಇಂಚು. ಅದರಲ್ಲಿ 0.4 ಇಂಚಿನಷ್ಟು ಹಲಗೆಯ ಒಳಗೇ ಕಳೆಯುತ್ತದೆ. ಉಳಿದ ಒಂದು ಇಂಚು ಮುಕ್ಕಾಲು ಇಂಚಿನ ಪ್ಲೈವುಡ್ಡನ್ನು ತೂರಿ ತುದಿ ಆಚೆ ಇಣುಕುತ್ತದೆ. ಕೆಳಗೆ ಟೊಳ್ಳಿದ್ದರೆ ತೊಂದರೆಯಿಲ್ಲ. ಕಾಂಕ್ರೀಟ್ ಇದ್ದರೆ ತುದಿ ಅಲ್ಲಿ ಬಡಿದು ಬಾಗುತ್ತದೆ, ತಲೆ ಮೇಲೆಯೇ ನಿಲ್ಲುತ್ತದೆ. ಬೆಂಗಳೂರಿನ ಮನೆಗಳಲ್ಲಿ ಸ್ಲ್ಯಾಬ್ ಮೇಲೆ 18 ಮಿ.ಮೀ. ಪ್ಲೈ ಹಾಸಿ ಗಟ್ಟಿ ಹಲಗೆ ಕೂರಿಸುವವರು ಒಂದೂವರೆ ಇಂಚಿನ ಕ್ಲೀಟ್ ಬಳಸಬೇಕಾದದ್ದು ಇದಕ್ಕೇ. ನೆಲದಡಿ ಬಿಸಿನೀರಿನ ಪೈಪು ಇದ್ದರಂತೂ ಅದರ ಆಳ ಗೊತ್ತಾಗುವವರೆಗೆ ಒಂದು ಮೊಳೆಯನ್ನೂ ಹೊಡೆಯಬೇಡಿ. ಪಾರ್ಟಿಕಲ್ ಬೋರ್ಡ್ ಮೇಲೆ ಯಾವ ಮೊಳೆಯೂ ನಿಲ್ಲುವುದಿಲ್ಲ, ಅದನ್ನು ತೆಗೆದು ಪ್ಲೈ ಹಾಕಿಯೇ ಮುಂದುವರಿಯಿರಿ.

ಇನ್ನು ಗನ್ನು. ಗಾಳಿಯಿಲ್ಲದ ಕೈ ನೇಲರ್‌ನಲ್ಲಿ ಕೊಡತಿಯ ಪೆಟ್ಟೇ ಮೊಳೆಯನ್ನು ಇಳಿಸಬೇಕು. ಒಂದು ಸಣ್ಣ ಕೋಣೆಗೆ ಸಾಕು. ಹಿಕರಿಯಂಥ ಮರಕ್ಕೆ ಮಧ್ಯಾಹ್ನದೊಳಗೆ ತೋಳು ಸೋಲುತ್ತದೆ, ಸೋತ ತೋಳಿನ ಪೆಟ್ಟಿಗೆ ಮೊಳೆ ಅರ್ಧಕ್ಕೇ ನಿಲ್ಲುತ್ತದೆ. ಗಾಳಿಯ ನೇಲರ್‌ಗೂ ಕೊಡತಿ ಬೇಕು, ಆದರೆ ಅಲ್ಲಿ ಪೆಟ್ಟಿನ ಕೆಲಸ ಹಲಗೆಯನ್ನು ಒತ್ತಿ ಕೂರಿಸುವುದು ಮತ್ತು ಗನ್ ಚಾಲೂ ಮಾಡುವುದು. ಮೊಳೆ ಇಳಿಸುವುದು 70ರಿಂದ 100 ಪಿಎಸ್‌ಐ (ಒತ್ತಡದ ಅಳತೆ) ಗಾಳಿ. ಒಬ್ಬರೇ ಹೊಡೆಯುವಾಗ 6 ಗ್ಯಾಲನ್ ಕಂಪ್ರೆಸರ್ ಸಾಕು. ಕೊಡತಿಯ ಮುಖ ಬಿಳಿ ರಬ್ಬರಿನದಿರಲಿ, ಕರಿ ರಬ್ಬರು ಹಲಗೆಗೆ ಮಸಿ ಬಳಿಯುತ್ತದೆ.

ಗನ್ನಿನಲ್ಲಿ ನಿಜವಾಗಿ ನೋಡಬೇಕಾದ ಭಾಗ ಹಲಗೆಯ ಮೇಲೆ ಕೂರುವ ಅದರ ಅಡಿತಟ್ಟೆ. ಮುಕ್ಕಾಲು ಇಂಚಿಗೆ ಹೊಂದಿಸಿದ ತಟ್ಟೆಯನ್ನು ಅರ್ಧ ಇಂಚಿನ ಹಲಗೆಗೆ ಇಟ್ಟರೆ ಮೊಳೆ ನಾಲಗೆಯ ಬುಡ ಬಿಟ್ಟು ಎಲ್ಲೋ ನುಗ್ಗುತ್ತದೆ. ದಪ್ಪಕ್ಕೆ ತಕ್ಕ ತಟ್ಟೆ ಜೊತೆಗೆ ಕೊಡುತ್ತಾರೋ ಕೇಳಿ. ಮೂರು ಬಗೆಯ ಮೊಳೆಯನ್ನೂ ಹೊಡೆಯುವ ಗನ್‌ಗಳಿವೆ: ಎಲ್ ತಲೆಯ ಕ್ಲೀಟ್, ಟಿ ತಲೆಯ ಕ್ಲೀಟ್, ಸ್ಟೇಪಲ್. ಒಂದೇ ಮನೆಗಾದರೆ ಅದು ಸಾಕು. ಆದರೆ ಅವು 18 ಗೇಜನ್ನು ನುಂಗುವುದಿಲ್ಲ. ಬಿದಿರಿಗೆ ಅಂತ ತಂದರೆ ದುಡ್ಡು ದಂಡ.

ಕೆಲಸ ಶುರುವಾಗುವ ಮುಂಚೆ ತುಂಡು ಹಲಗೆಯೊಂದನ್ನು ಅದೇ ಪ್ಲೈ ಮೇಲಿಟ್ಟು 80 ಪಿಎಸ್‌ಐನಲ್ಲಿ ನಾಲ್ಕಾರು ಮೊಳೆ ಹೊಡೆಯಿರಿ. ನಾಲಗೆಯ ಮೇಲೆ ಉಗುರು ಎಳೆಯಿರಿ. ಉಗುರಿಗೆ ತಲೆ ತಡೆದರೆ ಮುಂದಿನ ಹಲಗೆ ಕೂರುವುದಿಲ್ಲ, 5 ಪಿಎಸ್‌ಐ ಏರಿಸಿ. ತಲೆ ಗುಳಿಬಿದ್ದು ಸುತ್ತ ಕೂದಲೆಳೆಯ ಬಿರುಕಿದ್ದರೆ 5 ಇಳಿಸಿ. ಇಳಿಸಿದರೂ ಬಿರುಕು ಬಿಡುತ್ತಿದ್ದರೆ ತಪ್ಪು ಗಾಳಿಯದಲ್ಲ, ಗೇಜಿನದು. ಆಮೇಲೆ ಇನ್ನೊಂದು ತುಂಡಿನ ತೋಡನ್ನು ಆ ನಾಲಗೆಗೆ ಸೇರಿಸಿ ನೋಡಿ: ಸಂದಿನಲ್ಲಿ ವಿಸಿಟಿಂಗ್ ಕಾರ್ಡ್ ತೂರಬಾರದು. ಮಧ್ಯದಲ್ಲಿ ಮರದ ಕಟ್ಟು ಬದಲಾದಾಗಲೂ ಈ ಪರೀಕ್ಷೆ ಮತ್ತೆ ಮಾಡಿ.

ಅಂತರ: ಕಿರಿದಾದ ಹಲಗೆಗೆ 8ರಿಂದ 10 ಇಂಚಿಗೊಂದು ಕ್ಲೀಟ್, ಅಗಲದವಕ್ಕೂ ಸ್ಟೇಪಲ್‌ಗೂ 6ರಿಂದ 8. ತುದಿಯಿಂದ 1ರಿಂದ 3 ಇಂಚಿನೊಳಗೆ ಒಂದು ಇರಲೇಬೇಕು, ಎಷ್ಟು ಗಿಡ್ಡ ಹಲಗೆಯಾದರೂ ಎರಡಕ್ಕಿಂತ ಕಡಿಮೆ ಬೇಡ. ಹಲಗೆ ಕಂಪನಿಯ ಕೈಪಿಡಿ ಬೇರೆ ಹೇಳಿದರೆ ಅದೇ ಅಂತಿಮ. ವಾರಂಟಿ ನಿಂತಿರುವುದು ಅದರ ಮೇಲೆ. 5 ಇಂಚು ದಾಟಿದ ಅಗಲಕ್ಕೆ ಮೊಳೆಯ ಜೊತೆ ಹಾವಿನಂತೆ ಬಳುಕುವ ಅಂಟಿನ ಗೆರೆಯೂ ಬೇಕು.

ಗೋಡೆ ಪಕ್ಕದ ಮೊದಲ ಎರಡು ಮೂರು ಸಾಲು, ಕೊನೆಯ ಎರಡು ಮೂರು ಸಾಲಿಗೆ ಈ ಗನ್ನಾಗಲಿ ಕೊಡತಿ ಬೀಸುವ ಕೈಯಾಗಲಿ ಹಿಡಿಸುವುದಿಲ್ಲ. ಅಲ್ಲಿಗೆ 15 ಅಥವಾ 16 ಗೇಜಿನ ಫಿನಿಷ್ ನೇಲರ್ (ಸಣ್ಣ ತಲೆಯ ಮೊಳೆ ಹೊಡೆಯುವ ಚಿಕ್ಕ ಗನ್) ಕೂಡ ಬಾಡಿಗೆಗೆ ತನ್ನಿ. ಸಿಕ್ಕಿಕೊಂಡ ಮೊಳೆ ಬಿಡಿಸುವ ಮುನ್ನ ಗಾಳಿಯ ಕೊಳವೆ ಕಳಚಿ. ಬೆಳಗ್ಗೆ ಎರಡು ಮೂರು ಹನಿ ಗನ್ ಎಣ್ಣೆ ಬಿಡದಿದ್ದರೆ ಒಳಗಿನ ರಬ್ಬರ್ ಬಳೆಗಳು ಒಣಗಿ ಪೆಟ್ಟು ಸೊರಗುತ್ತದೆ, ಆಗ ಎಲ್ಲರೂ ಕಂಪ್ರೆಸರನ್ನು ಬೈಯುತ್ತಾರೆ.

ಮೊಳೆ ಎಷ್ಟು ಬೇಕು? 200 ಚದರಡಿ ಕೋಣೆಗೆ ಎರಡೂಕಾಲು ಇಂಚಿನ ಹಲಗೆ ಸುಮಾರು 1067 ಅಡಿ ಉದ್ದವಾಗುತ್ತದೆ. 8 ಇಂಚಿಗೊಂದರಂತೆ 1600, ತುದಿಗಳದ್ದು ಸೇರಿಸಿ 2000. ಅದೇ ಕೋಣೆಗೆ 5 ಇಂಚಿನ ಹಲಗೆಯಾದರೆ 480 ಅಡಿ, 6 ಇಂಚಿಗೊಂದರಂತೆ 960, ತುದಿ ಸೇರಿ 1200ರ ಆಸುಪಾಸು. ಸಾವಿರದ ಪೆಟ್ಟಿಗೆ ಕೊಳ್ಳುವಾಗ ಲೇಬಲ್ಲಿನಲ್ಲಿ ಗೇಜು, ಉದ್ದ, ತಲೆಯ ಆಕಾರ ಮೂರನ್ನೂ ಗನ್ನಿನ ಮೇಲೆ ಬರೆದಿರುವುದಕ್ಕೆ ಹೋಲಿಸಿ. ಒಡೆದ ಪೆಟ್ಟಿಗೆಯನ್ನು ಅಂಗಡಿಯವರು ವಾಪಸು ತೆಗೆದುಕೊಳ್ಳದಿರಬಹುದು.