ಹೃದಯಸ್ತಂಭನ ಸಾವಿನ ಕಾರಣವಲ್ಲ

2025ರಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳು ರಾಜ್ಯದ ಸುದ್ದಿಯಾದಾಗಿನಿಂದ ಇಲ್ಲಿ ಯಾರು ಕುಸಿದು ಬಿದ್ದರೂ ‘ಹೃದಯಾಘಾತಕ್ಕೆ ಬಲಿ’. ಪೋಸ್ಟ್‌ಮಾರ್ಟಂ ಆಗುವವರೆಗೂ ಕಾಯುವವರಿಲ್ಲ. ಕೆಲವರು ಎಚ್ಚರಿಕೆಯಿಂದ ‘ಹೃದಯಸ್ತಂಭನದಿಂದ ಸಾವು’ ಎಂದು ಬರೆಯುತ್ತಾರೆ. ಅದು ಇನ್ನೂ ದೊಡ್ಡ ತಪ್ಪು.

‘ಆಘಾತ’ದ ಮೂಲ ‘ಹನ್’ ಧಾತು: ಹೊಡೆ, ಕೊಲ್ಲು. ಹತ, ಹತ್ಯೆ, ಘಾತಕ ಎಲ್ಲ ಅದೇ ಬಳ್ಳಿಯವು. ರಕ್ತನಾಳ ಕಟ್ಟಿ ಹೃದಯದ ಸ್ನಾಯುವಿಗೆ ಬೀಳುವ ಪೆಟ್ಟು ಹೃದಯಾಘಾತ. ಅದೊಂದು ಕಾಯಿಲೆ, ಬದುಕಿ ಬಂದವರು ಬೇಕಾದಷ್ಟು ಮಂದಿ. ‘ಸ್ತಂಭನ’ ಸ್ತಂಭದ ನೆಂಟ. ನಮ್ಮ ‘ಕಂಬ’ ಆ ಸ್ತಂಭದ ತದ್ಭವ. ಕಂಬದ ಹಾಗೆ ನಿಂತುಬಿಡುವುದು, ಅಷ್ಟೇ ಅರ್ಥ. ಹಾವು ಕಚ್ಚಿ ಸತ್ತರೂ ಕೆರೆಯಲ್ಲಿ ಮುಳುಗಿ ಸತ್ತರೂ ಹೃದಯ ನಿಲ್ಲುತ್ತದೆ. ನಿಂತದ್ದು ಏಕೆ ಎಂಬುದೇ ಮರಣಕಾರಣ.

ಒಳ ರಕ್ತಸ್ರಾವವನ್ನೇ ನೋಡಿ. ಗುಲ್ಮ (ಹೊಟ್ಟೆಯ ಎಡ ಮೇಲ್ಭಾಗದ ಸ್ಪ್ಲೀನ್) ಒಡೆದರೆ, ಗರ್ಭನಾಳದಲ್ಲಿ ನಿಂತ ಬಸಿರು ಒಡೆದರೆ ಹೊಟ್ಟೆಯೊಳಗೆ ಲೀಟರುಗಟ್ಟಲೆ ರಕ್ತ ಸಿಗುತ್ತದೆ. ಹೃದಯವನ್ನು ಸುತ್ತಿದ ಪೆರಿಕಾರ್ಡಿಯಂ ಚೀಲದೊಳಗಾದರೆ 200–300 ಮಿ.ಲೀ. ಸಾಕು. ರಕ್ತದಾನದ ಚೀಲದಲ್ಲೇ 350 ಇರುತ್ತದೆ! ಪೆರಿಕಾರ್ಡಿಯಂ ತಟ್ಟನೆ ಹಿಗ್ಗುವುದಿಲ್ಲ. ಹೊರಗಿನಿಂದ ಒತ್ತಡ ಬಿದ್ದು ಹೃದಯದೊಳಕ್ಕೆ ರಕ್ತ ಬರುವುದೇ ನಿಲ್ಲುತ್ತದೆ. ಇಲ್ಲಿ ಕೊಲ್ಲುವುದು ರಕ್ತದ ನಷ್ಟವಲ್ಲ, ಒತ್ತಡ.

ಶವಪರೀಕ್ಷೆಯಲ್ಲಿ ಈ ಚೀಲವನ್ನು, ಅಂಗಗಳನ್ನು ಹೊರತೆಗೆಯುವ ಮುಂಚೆ, ಇದ್ದಲ್ಲೇ ಬಿಡಿಸಬೇಕು. ರಕ್ತ ತುಂಬಿದ್ದರೆ ಅದು ಉಬ್ಬಿ, ಕಪ್ಪುನೀಲಿಯಾಗಿ ಕಾಣುತ್ತದೆ. ದ್ರವರಕ್ತವನ್ನು ಸೌಟಿನಲ್ಲಿ ಎತ್ತಿ ಅಳತೆ ಜಾಡಿಗೆ ಹಾಕುತ್ತಾರೆ, ಹೆಪ್ಪನ್ನು ಬೇರೆ ತೂಗುತ್ತಾರೆ. ಮೊದಲೇ ಹೃದಯ ಕಿತ್ತರೆ, ಕತ್ತರಿಸಿದ ನಾಳಗಳಿಂದ ಸೋರಿದ ರಕ್ತ ಇದರೊಡನೆ ಬೆರೆತು ಲೆಕ್ಕ ಕೆಡುತ್ತದೆ. ಆಮೇಲೆ ರಕ್ತ ಸೋರಿದ ಬಿರುಕಿನ ಹುಡುಕಾಟ. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವಾದ ಮಹಾಧಮನಿಯ ಬುಡದಲ್ಲಿ, ಕವಾಟದಿಂದ ಕೆಲವೇ ಸೆಂಟಿಮೀಟರ್ ಮೇಲೆ, ಒಳಪದರ ಅಡ್ಡಕ್ಕೆ ಸೀಳಿದ್ದರೆ ಹಿಂದೆ ಬಹುಪಾಲು ಬಿ.ಪಿ. ಇರುತ್ತದೆ. ಎಡ ಹೃತ್ಕುಕ್ಷಿಯ (ರಕ್ತವನ್ನು ಮೈಗೆಲ್ಲ ತಳ್ಳುವ ಹೃದಯದ ಕೋಣೆ) ಗೋಡೆಯೇ ಒಡೆದಿದ್ದರೆ ಮೂಲ ನಿಜಕ್ಕೂ ಹೃದಯಾಘಾತ. ಆದರೆ ಅದು ಆದದ್ದು ಹೆಚ್ಚಾಗಿ ಕೆಲವು ದಿನ ಹಿಂದೆ, ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿದು ಮಲಗಿದ ರಾತ್ರಿ.

ಎಷ್ಟು ದಿನ ಹಿಂದೆ ಎಂದು ಹೇಳುವುದು ಸೂಕ್ಷ್ಮದರ್ಶಕ. ಅದಕ್ಕೆ ಕೊಡುವ ತುಂಡು, ತನ್ನ ಹತ್ತು ಪಟ್ಟು ಶೇ. 10ರ ಫಾರ್ಮಾಲಿನ್‌ನಲ್ಲಿ (ಅಂಗಾಂಶ ಕೆಡದಂತೆ ಕಾಯುವ ದ್ರವ) ಮುಳುಗಿರಬೇಕು. ಉಪ್ಪುನೀರು ವಿಷಪರೀಕ್ಷೆಯ ಜಾಡಿಗಳಿಗೆ; ಹೃದಯದ ತುಂಡನ್ನು ಅದರಲ್ಲಿ ಹಾಕಿ ಕಳಿಸಿದರೆ ಜೀವಕೋಶಗಳ ಗುರುತೇ ಉಳಿದಿರುವುದಿಲ್ಲ.